ಸ್ಟಿಕ್ಕರಿಗೆ ಯಾವ ಸೆಕ್ಷನ್ನು?

ಹೆಬ್ಬಾಳ ಎಂದರೆ ಬೆಂಗಳೂರಿನ ಮೇಲ್ಸೇತುವೆ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಮೈಸೂರಿನ ಹೆಬ್ಬಾಳ. ಒಂದು ಬದಿ ಇನ್ಫೋಸಿಸ್ ಕ್ಯಾಂಪಸ್ಸು, ಇನ್ನೊಂದು ಬದಿ ಕೈಗಾರಿಕಾ ಪ್ರದೇಶ, ನಡುವೆ ಕೆರೆ, ಕೆರೆಯ ಆಚೀಚೆ ಬಡಾವಣೆಗಳು. ಇಲ್ಲಿನ ಬಹಳಷ್ಟು ಮನೆಗಳ ದಿನಚರಿ ಕಾರ್ಖಾನೆಯ ಶಿಫ್ಟಿನ ಮೇಲೆ ನಿಂತಿದೆ. ಸೆಕೆಂಡ್ ಶಿಫ್ಟಿಗೆ ಹೋದ ಅಪ್ಪ ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಅಮ್ಮ ಬರುವುದು ಕತ್ತಲಾದ ಮೇಲೆ. ಶಾಲೆ ಬಿಟ್ಟ ಮೇಲೆ ಅವಳು ಬರುವವರೆಗೆ ಮನೆಯಲ್ಲಿ ಮಕ್ಕಳ ಜೊತೆಗಿರುವುದು ಮೊಬೈಲು.

ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಫೋಟೋವನ್ನು, ಬಾಯ್ತುಂಬ ಪುಳಿಯೋಗರೆ ತುಂಬಿಕೊಂಡಿದ್ದಾಗ ಯಾರೋ ತೆಗೆದದ್ದನ್ನು, ಕ್ಲಾಸಿನ ಹುಡುಗರು ಕತ್ತರಿಸಿ ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿದರು. ಆಮೇಲೆ ಕ್ಲಾಸಿನ ಗ್ರೂಪಿನಲ್ಲಿ ಯಾರು 'ಹ್ಞೂಂ' ಅನ್ನಬೇಕಾದರೂ ಅವಳ ಮುಖ, 'ಗುಡ್ ನೈಟ್' ಹೇಳಬೇಕಾದರೂ ಅವಳ ಮುಖ. ಒಂದು ತಿಂಗಳು ಹೀಗೇ ನಡೆಯಿತು. ಯಾರೂ ಬೈದಿಲ್ಲ, ಬೆದರಿಸಿಲ್ಲ, ಅಶ್ಲೀಲವಾದ ಒಂದು ಮಾತನ್ನೂ ಬರೆದಿಲ್ಲ. ಆ ಹುಡುಗಿ ಮಾತ್ರ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವುದನ್ನೇ ಬಿಟ್ಟಳು. ಡಬ್ಬಿ ತುಂಬಿದ್ದ ಹಾಗೇ ವಾಪಸು ಬರತೊಡಗಿದಾಗಲೇ ಅವಳ ಅಮ್ಮನಿಗೆ ವಿಷಯ ಗೊತ್ತಾದದ್ದು.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ರೇಗಿಸುವುದು, ಕಿಚಾಯಿಸುವುದು, ಚುಡಾಯಿಸುವುದು ಎಲ್ಲವೂ ಹಗುರ. ಅವುಗಳಲ್ಲಿ ಸ್ನೇಹಕ್ಕೂ ಜಾಗವಿದೆ. ಹತ್ತಿರದ ಮಾತೆಂದರೆ ಮನೆಮಾತಿನ 'ಗೋಳು ಹೊಯ್ದುಕೊಳ್ಳುವುದು'. ಬಿಡದೆ, ಮತ್ತೆ ಮತ್ತೆ, ಒಬ್ಬರನ್ನೇ ಹಿಡಿದು, ಅವರು ಅಳುವ ತನಕ ಕಾಡುವುದು. ಪತ್ರಿಕೆಗಳು ಬರೆಯುವ 'ಸೈಬರ್ ಬೆದರಿಕೆ'ಯಲ್ಲಿ ಈ ಅರ್ಥವೇ ಇಲ್ಲ, ಏಕೆಂದರೆ ಬಹುಪಾಲು ಪ್ರಕರಣಗಳಲ್ಲಿ ಬೆದರಿಕೆ ಇರುವುದೇ ಇಲ್ಲ. ನಮ್ಮ ಕಾನೂನಿನ ತೊಡಕೂ ಇಲ್ಲಿಂದಲೇ ಶುರುವಾಗುತ್ತದೆ. ಬೆದರಿಕೆಗೆ ಸೆಕ್ಷನ್ನಿದೆ, ಅಶ್ಲೀಲತೆಗಿದೆ, ಮಾನನಷ್ಟಕ್ಕಿದೆ. ಗೋಳು ಹೊಯ್ದುಕೊಳ್ಳುವುದಕ್ಕೆ ಇಲ್ಲ.

ಮಕ್ಕಳು ಪರಸ್ಪರ ಕಾಡುವುದು ಹೊಸತಲ್ಲ. ಅಡ್ಡ ಹೆಸರಿಡದ ಶಾಲೆ ಯಾವ ಕಾಲದಲ್ಲೂ ಇರಲಿಲ್ಲ. ಆದರೆ ಮೊದಲು ಲಾಂಗ್ ಬೆಲ್ ಹೊಡೆದರೆ ಅಂದಿನ ಮಟ್ಟಿಗೆ ಅದು ಮುಗಿಯುತ್ತಿತ್ತು. 2020ರಲ್ಲಿ ಶಾಲೆಗಳು ಬಾಗಿಲು ಹಾಕಿದಾಗ, ಅಲ್ಲಿಯವರೆಗೆ ಮೊಬೈಲ್ ತಂದರೆ ಕಿತ್ತಿಟ್ಟುಕೊಳ್ಳುತ್ತಿದ್ದ ಶಾಲೆಗಳೇ ಮನೆಮನೆಗೂ ಮೊಬೈಲ್ ಬೇಕೆಂದವು. ಪಾಠಕ್ಕೆಂದು ಆಗ ಹುಟ್ಟಿದ ಗ್ರೂಪುಗಳು ಬಾಗಿಲು ತೆರೆದ ಮೇಲೂ ಮುಚ್ಚಲಿಲ್ಲ. ಮೇಷ್ಟ್ರು ಇರುವ ಗ್ರೂಪಿನ ಬೆನ್ನಿಗೆ ಮೇಷ್ಟ್ರು ಇಲ್ಲದ ಗ್ರೂಪುಗಳು, ಇನ್‌ಸ್ಟಾಗ್ರಾಮಿನ ಕನ್ಫೆಷನ್ ಪೇಜುಗಳು ಬೆಳೆದವು. ಕೋವಿಡ್ಡಿಗೂ ಮೊದಲೇ, 2019ರಲ್ಲಿ, ಯುನಿಸೆಫ್ 30 ದೇಶಗಳ ಹದಿಹರೆಯದವರನ್ನೂ ಯುವಜನರನ್ನೂ ಕೇಳಿದಾಗ ಮೂವರಲ್ಲಿ ಒಬ್ಬರು ಆನ್‌ಲೈನಿನಲ್ಲಿ ಇಂಥ ಕಾಟ ಅನುಭವಿಸಿದ್ದಾಗಿ ಹೇಳಿದ್ದರು. ಐವರಲ್ಲಿ ಒಬ್ಬರು ಅದಕ್ಕಾಗಿ ಶಾಲೆ ತಪ್ಪಿಸಿದ್ದರು.

ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು, '66ಎ ಇದ್ದಿದ್ದರೆ ಇವರನ್ನೆಲ್ಲ ಒಳಗೆ ಹಾಕಬಹುದಿತ್ತು' ಎನ್ನುತ್ತಾರೆ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ ಈ ಸೆಕ್ಷನ್, ಕಿರಿಕಿರಿ ಉಂಟುಮಾಡುವ, ಅನನುಕೂಲ ಮಾಡುವ, ಅವಮಾನಿಸುವ ಸಂದೇಶಗಳಿಗೆ ಮೂರು ವರ್ಷದವರೆಗೆ ಜೈಲು ಎಂದಿತ್ತು. ಅದನ್ನು ಹೇಗೆ ಬಳಸಿದರು? 2012ರ ನವೆಂಬರಿನಲ್ಲಿ ಬಾಳಾ ಠಾಕ್ರೆ ತೀರಿಕೊಂಡಾಗ ಊರು ಬಂದ್ ಆದದ್ದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಇದನ್ನು ಕಂಡು ಸುಪ್ರೀಂ ಕೋರ್ಟಿಗೆ ಹೋದವಳು ಶ್ರೇಯಾ ಸಿಂಘಾಲ್ ಎಂಬ ಯುವತಿ. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ ಆ ಸೆಕ್ಷನ್ನನ್ನು ಸಂಪೂರ್ಣ ರದ್ದು ಮಾಡಿತು. ಕಿರಿಕಿರಿ ಎಂದರೆ ಎಷ್ಟು, ಯಾರಿಗೆ ಎಂಬುದಕ್ಕೆ ಅಳತೆಯಿಲ್ಲ, ಚರ್ಚಿಸುವುದೂ ಪ್ರತಿಪಾದಿಸುವುದೂ ಎಷ್ಟೇ ಕಹಿಯಾದರೂ ಹಕ್ಕೇ, ಪ್ರಚೋದನೆಯ ಗಡಿ ಮುಟ್ಟಿದಾಗ ಮಾತ್ರ ಕಾನೂನು ಕೈಹಾಕಬಹುದು ಎಂಬುದು ತೀರ್ಪಿನ ತಿರುಳು. ಕೇರಳ ಪೊಲೀಸ್ ಕಾಯ್ದೆಯ ಇಂಥದೇ ಸೆಕ್ಷನ್ 118(ಡಿ) ಕೂಡ ಅದೇ ದಿನ ಬಿತ್ತು.

ಬಿದ್ದದ್ದು ಸುಲಭವಾಗಿ ಸಾಯಲಿಲ್ಲ. ತೀರ್ಪು ಬಂದು ಆರು ವರ್ಷವಾದರೂ ಠಾಣೆಗಳು 66ಎ ಹಾಕುತ್ತಲೇ ಇರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ವ್ಯಕ್ತಪಡಿಸಿತು. 2022ರ ಅಕ್ಟೋಬರಿನಲ್ಲಿ, ಈ ಸೆಕ್ಷನ್ನಿನಡಿ ಯಾರನ್ನೂ ವಿಚಾರಣೆಗೆ ಒಳಪಡಿಸಕೂಡದು ಎಂದು ಮತ್ತೊಮ್ಮೆ ಆದೇಶಿಸಬೇಕಾಯಿತು. 2020ರ ನವೆಂಬರಿನಲ್ಲಿ ಕೇರಳ ಸರ್ಕಾರ ಹೆಂಗಸರು ಮಕ್ಕಳನ್ನು ಸೈಬರ್ ನಿಂದನೆಯಿಂದ ಕಾಪಾಡುತ್ತೇವೆಂದು ಅದೇ ಪೊಲೀಸ್ ಕಾಯ್ದೆಗೆ 118ಎ ಸೆಕ್ಷನ್ ಸೇರಿಸುವ ಸುಗ್ರೀವಾಜ್ಞೆ ತಂದಿತು. ಅದರ ಭಾಷೆ ಸರ್ಕಾರವನ್ನು ಟೀಕಿಸುವ ಯಾರನ್ನೂ ಹಿಡಿಯುವಷ್ಟು ಅಗಲವಾಗಿದ್ದರಿಂದ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಮಕ್ಕಳ ಹೆಸರಿನಲ್ಲಿ ಬರುವ ಅಗಲ ಬಾಯಿಯ ಕಾನೂನುಗಳ ಬಗ್ಗೆ ನನಗಿರುವ ಭಯಕ್ಕೆ ಇದೇ ಕಾರಣ. 66ಎ ಜೀವಂತವಿದ್ದ ಕಾಲದಲ್ಲೂ ನಮ್ಮ ಬೀದಿಯ ಹುಡುಗಿಯಂಥವರಿಗೆ ಅದು ಆಸರೆಯಾಗಿರಲಿಲ್ಲ. ದೊಡ್ಡವರಿಗೆ ನೋವಾದಾಗ ಚಿಕ್ಕವರನ್ನು ಹಿಡಿಯಲು ಅದು ಒದಗಿತು.

ಹಾಗಾದರೆ ಈಗ ಉಳಿದಿರುವುದೇನು? ಅದೇ ಸ್ಟಿಕ್ಕರನ್ನು ಕೈಯಲ್ಲಿಟ್ಟುಕೊಂಡು ನೋಡೋಣ. ಬರೀ ಸ್ಟಿಕ್ಕರಿಗೆ ನೇರವಾದ ಸೆಕ್ಷನ್ನಿಲ್ಲ. ಮಾನನಷ್ಟವೆಂದು ನ್ಯಾಯಾಲಯಕ್ಕೆ ಹೋಗಬಹುದಾದರೂ ಹದಿನಾಲ್ಕರ ಹುಡುಗಿಯ ಅಮ್ಮ ಸಹಪಾಠಿಗಳ ಮೇಲೆ ಹಾಗೆ ಹೋಗುವುದು ಯಾವ ಊರಿನಲ್ಲೂ ಕಾಣದ ಮಾತು. ನಾಳೆ ಯಾರೋ ಅವಳ ಹೆಸರಿನಲ್ಲಿ ಫೇಕ್ ಐಡಿ ತೆರೆದರೆ ಐಟಿ ಕಾಯ್ದೆಯ 66ಸಿ, 66ಡಿ ಬರುತ್ತವೆ. ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ 66ಇ. ಬಿಡದೆ ಹಿಂಬಾಲಿಸಿ ಸಂದೇಶ ಕಳಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78, ಬೆದರಿಸಿದರೆ 351. ಇವುಗಳಲ್ಲಿ 78ನೇ ಸೆಕ್ಷನ್ ಹೆಣ್ಣನ್ನು ಹಿಂಬಾಲಿಸುವ ಗಂಡಸಿಗೆ ಮಾತ್ರ ಅನ್ವಯಿಸುತ್ತದೆ. ನಡೆ ನುಡಿ ಮೃದುವೆಂದು ಇಡೀ ತರಗತಿಯಿಂದ ಕಾಟ ತಿನ್ನುವ ಹುಡುಗನಿಗೆ ಅದರಿಂದ ರಕ್ಷಣೆಯಿಲ್ಲ. ಅಂಥ ಹುಡುಗರು ಪ್ರತಿ ಶಾಲೆಯಲ್ಲಿದ್ದಾರೆ, ಅವರ ಬಗ್ಗೆ ನಾವು ಬಹಳ ಕಡಿಮೆ ಮಾತಾಡುತ್ತೇವೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಮುಖವನ್ನು ಬೆತ್ತಲೆ ದೇಹಕ್ಕೆ ಅಂಟಿಸಿದರು ಎನ್ನೋಣ. ಈಗಿನ ಆ್ಯಪುಗಳಲ್ಲಿ ಅದು ಅರ್ಧ ನಿಮಿಷದ ಕೆಲಸ. ಆ ಕ್ಷಣಕ್ಕೆ ಕಾನೂನು ಒಮ್ಮೆಲೇ ಗುಡ್ಡದಷ್ಟಾಗುತ್ತದೆ. ಐಟಿ ಕಾಯ್ದೆಯ 67ಬಿಗೆ ಮೊದಲ ಸಲವೇ ಐದು ವರ್ಷದವರೆಗೆ ಸೆರೆ. 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್, ಮಗುವಿನ ಇಂಥ ಚಿತ್ರ ನಿಜದ್ದಿರಲಿ ಕಟ್ಟಿದ್ದಿರಲಿ, ಅದನ್ನು ಹರಿಬಿಡುವುದಾಗಿ ಹೆದರಿಸುವುದನ್ನೂ ಲೈಂಗಿಕ ಕಿರುಕುಳವೆನ್ನುತ್ತದೆ. ಇದು ಹುಡುಗನಿಗೂ ಹುಡುಗಿಗೂ ಒಂದೇ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇಂಥ ಚಿತ್ರಗಳನ್ನು ನೋಡುವುದು, ಇಟ್ಟುಕೊಳ್ಳುವುದು ಕೂಡ ಅಪರಾಧವಾಗಬಹುದೆಂದು ಹೇಳಿತು. ಗ್ರೂಪಿನಲ್ಲಿ ಬಂದದ್ದನ್ನು ಅಳಿಸದೆ ಸುಮ್ಮನಿರುವ ಹುಡುಗನಿಗೆ ಈ ವಿಷಯ ಗೊತ್ತಿಲ್ಲ, ಅವನ ಅಪ್ಪನಿಗೂ ಗೊತ್ತಿಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊದ 19ನೇ ಸೆಕ್ಷನ್. ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆಯಿದೆ. ಶಾಲೆಯ ಮರ್ಯಾದೆ ಹೋಗುತ್ತದೆಂದು ಎರಡೂ ಕಡೆಯವರನ್ನು ಕೂರಿಸಿ ಕ್ಷಮಾಪಣೆ ಪತ್ರ ಬರೆಸಿ ಕಳಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಆ ಶಾಲೆಯವರನ್ನೇ ಅಪರಾಧಿ ಮಾಡಬಹುದು.

ಕಾಟ ಕೊಟ್ಟವನೂ ಮಗುವೇ ಆಗಿದ್ದರೆ? 2015ರ ಬಾಲನ್ಯಾಯ ಕಾಯ್ದೆ ಇಲ್ಲಿ ವಿವೇಕದಿಂದ ನಡೆದುಕೊಂಡಿದೆ. ಅದರ 2016ರ ನಿಯಮಗಳ ಪ್ರಕಾರ, ಅಪರಾಧ ಘೋರವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆ ಪರಿಸರದ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮಂಡಳಿ ಬುದ್ಧಿ ಹೇಳಬಹುದು, ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ಮಗುವಿನ ಗುರುತು ಹೊರಗೆ ಬರಬಾರದು, ಎರಡೂ ಕಡೆಯ ಮಗುವಿನದು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಹೆಬ್ಬಾಳದ ಠಾಣೆಯಲ್ಲೂ. ಜನ ಮಾತ್ರ ಮೊಬೈಲ್ ವಿಷಯ ಎಂದ ಕೂಡಲೆ ನಗರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೇ ಹೋಗಬೇಕೆಂದುಕೊಳ್ಳುತ್ತಾರೆ. ಸೈಬರ್ ಅಪರಾಧಕ್ಕೆಂದೇ ದೇಶದಲ್ಲಿ ಮೊದಲು ಠಾಣೆ ತೆರೆದದ್ದು ನಮ್ಮ ರಾಜ್ಯ, 2001ರಲ್ಲಿ ಬೆಂಗಳೂರಿನಲ್ಲಿ. ಆದರೆ ಒ.ಟಿ.ಪಿ. ಹೇಳಿ ಲಕ್ಷಗಟ್ಟಲೆ ಕಳೆದುಕೊಂಡವರ ಸಾಲಿನ ಹಿಂದೆ ಸ್ಟಿಕ್ಕರಿನ ದೂರು ಹಿಡಿದು ನಿಂತ ತಾಯಿಗೆ ಎಷ್ಟು ಹೊತ್ತು ಸಿಕ್ಕೀತು?

ಕೊನೆಗೆ ಆಗುವುದಿಷ್ಟು. ಚಿಕ್ಕ ಕಾಟಕ್ಕೆ ಕಾನೂನು ಏನೂ ಮಾಡುವುದಿಲ್ಲ, ಅದು ದೊಡ್ಡದಾಗಿ ಮೈಮಾನಕ್ಕೆ ಬಂದಾಗ ಸುತ್ತಿಗೆ ಎತ್ತುತ್ತದೆ. ನಡುವಿನ ಆ ತಿಂಗಳು, ಡಬ್ಬಿ ತುಂಬಿದ ಹಾಗೇ ವಾಪಸು ಬರುತ್ತಿದ್ದ ತಿಂಗಳು, ಯಾರ ಲೆಕ್ಕಕ್ಕೂ ಇಲ್ಲ.

ಈಗ ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲಿಗೆ ಬರುತ್ತೇನೆ. ಮಕ್ಕಳ ಮಾತು ಸಹಪಾಠಿಯ ಮೇಲಲ್ಲದೆ, ತಮಗಿಂತ ಮೇಲಿನವರ ಮೇಲೆ ಹೋದಾಗ ಏನಾಗುತ್ತದೆ? 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯಲ್ಲಿ ಪ್ರಾಥಮಿಕ ತರಗತಿಗಳ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಟೀಕಿಸುವ ನಾಟಕವಾಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು, ದೂರು ಬಂತು, ರಾಜದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯೋಪಾಧ್ಯಾಯಿನಿಯನ್ನೂ ಒಂದು ಮಗುವಿನ ತಾಯಿಯನ್ನೂ ಅದೇ ತಿಂಗಳ ಕೊನೆಯಲ್ಲಿ ಬಂಧಿಸಿದರು. ನಾಟಕ ಆಡಿದ್ದಕ್ಕೂ ಜೈಲಿಗೂ ನಡುವೆ ಹತ್ತು ದಿನಗಳ ಆಸುಪಾಸು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಹೋಗಿ ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರ ತೊಟ್ಟು, ಆಯುಧ ಹೊತ್ತವರು ಮಕ್ಕಳ ಎದುರು ಕೂತ ಚಿತ್ರಗಳನ್ನು ನೋಡಿ 2021ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಇದು ಮೇಲ್ನೋಟಕ್ಕೇ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದಿತು. 2023ರ ಜೂನಿನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಬಂದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು, ಆದರೆ ರಾಜದ್ರೋಹವಲ್ಲ ಎಂಬುದು ಅದರ ನಿಲುವು. ಸರ್ಕಾರದ ನೀತಿಗಳ ಟೀಕೆಯಿಂದ ಶಾಲಾ ಮಕ್ಕಳನ್ನು ದೂರವಿಡುವುದು ಮೇಲೆಂದೂ ಅದು ಹೇಳಿತು. ಈ ಕೊನೆಯ ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಪೌರನೀತಿ ಪಾಠದಲ್ಲಿ ಸಂವಿಧಾನ ಓದಿಸಿ, ವೇದಿಕೆಯ ಮೇಲೆ ಅದನ್ನು ಪ್ರಯೋಗಿಸಬೇಡಿ ಎನ್ನುವುದು ಹೇಗೆ?

ಅದೇ 2020ರ ಜನವರಿ 8ರಂದು, ಹೆಬ್ಬಾಳದಿಂದ ಅರ್ಧ ಗಂಟೆಯ ದಾರಿಯೊಳಗಿರುವ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ, ಜೆಎನ್‌ಯುನಲ್ಲಿ ನಡೆದ ಹಲ್ಲೆಯನ್ನು ಖಂಡಿಸಿ ವಿದ್ಯಾರ್ಥಿಗಳು ಸೇರಿದ್ದರು. ಕಾಶ್ಮೀರದ ಬಗ್ಗೆ ಎರಡೇ ಪದದ ಫಲಕ ಹಿಡಿದ ಹಳೆಯ ವಿದ್ಯಾರ್ಥಿನಿಯೊಬ್ಬಳ ಮೇಲೆ ಜಯಲಕ್ಷ್ಮೀಪುರಂ ಠಾಣೆಯಲ್ಲಿ ರಾಜದ್ರೋಹದ ಪ್ರಕರಣ ದಾಖಲಾಯಿತು. ಅವಳ ಪರ ವಾದಿಸುವುದಿಲ್ಲವೆಂದು ಮೈಸೂರಿನ ವಕೀಲರ ಸಂಘ ನಿರ್ಣಯ ಮಾಡಿತು. ಹೊರಗಿನ ಊರಿನ ವಕೀಲರೂ ಬಂದು ನಿಂತ ಮೇಲೆ ಅವಳಿಗೆ ಜಾಮೀನು ಸಿಕ್ಕಿತು. ರಾಜದ್ರೋಹದ 124ಎ ಸೆಕ್ಷನ್ನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮುಖ್ಯರಾದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ ಮೈಸೂರಿನವರೇ. ಅವರ ಹೆಸರಿನ ಆ ಪ್ರಕರಣದಲ್ಲಿಯೇ 2022ರ ಮೇ 11ರಂದು ನ್ಯಾಯಾಲಯ ಆ ಸೆಕ್ಷನ್ನನ್ನು ತಡೆಹಿಡಿದದ್ದು.

ವಿದ್ಯಾರ್ಥಿಯ ಮಾತಿಗೂ ಮೌನಕ್ಕೂ ಹಕ್ಕಿದೆಯೆಂಬುದು ನಮ್ಮ ನೆಲದಲ್ಲಿ ಹೊಸ ಮಾತಲ್ಲ. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪೆಂದು ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿಯೇ ಹೇಳಿದೆ.

ಈ ಎರಡು ಮಗ್ಗುಲನ್ನು ಪಕ್ಕಪಕ್ಕದಲ್ಲಿಟ್ಟರೆ ನನಗೆ ಸಂಕಟವಾಗುತ್ತದೆ. ಮಗು ಅಧಿಕಾರಸ್ಥರ ಬಗ್ಗೆ ಮಾತಾಡಿದರೆ ವ್ಯವಸ್ಥೆ ಓಡೋಡಿ ಬರುತ್ತದೆ. ಪ್ರಿನ್ಸಿಪಾಲರ ಮೇಲೆ ಮೀಮ್ ಮಾಡಿದ ಹುಡುಗನಿಗೆ ಅದೇ ದಿನ 'ಟಿಸಿ ತಗೊಂಡು ಹೋಗು' ಎಂಬ ಮಾತು ಬರುತ್ತದೆ. ನಲವತ್ತು ಮಕ್ಕಳು ಸೇರಿ ಒಬ್ಬಳನ್ನು ಸುತ್ತುಗಟ್ಟಿದರೆ ಮಾತ್ರ 'ಮಕ್ಕಳಾಟ, ನಾವು ತಲೆ ಹಾಕಬಾರದು' ಎಂಬ ಉಪದೇಶ. ಇರಬೇಕಾದದ್ದು ಇದರ ತಿರುವುಮುರುವು. ಪ್ರಿನ್ಸಿಪಾಲರಿಗೆ ಕುರ್ಚಿಯಿದೆ, ಸರ್ಕಾರಕ್ಕೆ ಪೊಲೀಸರಿದ್ದಾರೆ, ಅವರು ಒಂದು ಮೀಮನ್ನು ತಾಳಿಕೊಳ್ಳಬಲ್ಲರು. ಒಂಬತ್ತನೇ ತರಗತಿಯ ಹುಡುಗಿಗೆ ಕ್ಲಾಸಿನ ಹೊರಗೆ ಬೇರೆ ಲೋಕವಿಲ್ಲ. ಮಾತು ಕಟುವಾಗಿದೆಯೇ ಎಂದು ಅಳೆಯುವ ಮೊದಲು ಅದು ಯಾರಿಂದ ಯಾರ ಕಡೆ ಹೋಗುತ್ತಿದೆ, ಎಷ್ಟು ಜನರಿಂದ, ಎಷ್ಟು ದಿನದಿಂದ ಎಂದು ಕೇಳಬೇಕು.

ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಹೆಚ್ಚುಕಡಿಮೆ ಇದೇ ಗೆರೆ ಎಳೆಯಿತು. ಪೆನ್ಸಿಲ್ವೇನಿಯಾದ ಶಾಲೆಯೊಂದರ ಚಿಯರ್‌ಲೀಡಿಂಗ್ ತಂಡದ ಹುಡುಗಿ, ಮುಖ್ಯ ತಂಡಕ್ಕೆ ಆಯ್ಕೆಯಾಗದ ಸಿಟ್ಟಿನಲ್ಲಿ ರಜಾದಿನ ಸ್ನ್ಯಾಪ್‌ಚಾಟಿನಲ್ಲಿ ಶಾಲೆಯನ್ನು ಕೆಟ್ಟದಾಗಿ ಬೈದಿದ್ದಳು. ಶಾಲೆ ಅವಳನ್ನು ಒಂದು ವರ್ಷ ತಂಡದಿಂದ ಹೊರಗಿಟ್ಟಿತ್ತು. ಶಾಲೆಯ ಹೊರಗೆ ಆಡಿದ ಮಾತಿನ ಮೇಲೆ ಶಾಲೆಗೆ ಅಷ್ಟು ಅಧಿಕಾರವಿಲ್ಲವೆಂದು ನ್ಯಾಯಾಲಯ ಹುಡುಗಿಯ ಪರ ನಿಂತಿತು. ಆದರೆ ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಾಗಿಸಿದ ತೀವ್ರ ಕಾಟವಾದರೆ ಗೇಟಿನ ಹೊರಗಿದ್ದರೂ ಶಾಲೆ ಕ್ರಮ ಕೈಗೊಳ್ಳಬಹುದೆಂದೂ ಸೇರಿಸಿತು.

ನಮ್ಮ ಶಾಲೆಗಳಿಗೆ ಇಂಥ ಸ್ಪಷ್ಟ ಗೆರೆಯನ್ನು ಯಾರೂ ಎಳೆದುಕೊಟ್ಟಿಲ್ಲ. ಯುಜಿಸಿಯ 2009ರ ರ‍್ಯಾಗಿಂಗ್ ವಿರೋಧಿ ನಿಯಮಗಳು ಕಾಲೇಜುಗಳಿಗೆ. ಸಿಬಿಎಸ್‌ಇ 2015ರಲ್ಲಿ ತನ್ನ ಶಾಲೆಗಳಿಗೆ ಕಾಟ ತಡೆಯುವ ಮಾರ್ಗಸೂಚಿ ಕಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೇ ಇಲ್ಲ. ಅಂದರೆ ಟಿಸಿಯ ಗುಮ್ಮನಿಗೆ ಬಹಳಷ್ಟು ಮಕ್ಕಳ ವಿಷಯದಲ್ಲಿ ಕಾನೂನಿನ ಬಲವಿಲ್ಲ. ದೂರು ಬಂದಾಗ ಎರಡೂ ಮಕ್ಕಳ ಮಾತನ್ನು ಬೇರೆಬೇರೆಯಾಗಿ ಕೇಳಿ, ಬರೆದಿಟ್ಟು, ಇಷ್ಟು ದಿನದೊಳಗೆ ಇಂಥ ಕ್ರಮ ಎಂದು ಹೇಳುವ ಪದ್ಧತಿಯೊಂದೇ ನಮಗೆ ಬೇಕಾಗಿರುವುದು. ಹಳ್ಳಿಗಳಲ್ಲಾದರೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯಿದೆ. ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ದಾರಿಯಲ್ಲಿ ಮದ್ಯದ ಅಂಗಡಿಯಿದೆ ಎಂದು ಮಕ್ಕಳೇ ಎದ್ದು ನಿಂತು ಅಧಿಕಾರಿಗಳಿಗೆ ಹೇಳುತ್ತಾರೆ. ಹೆಬ್ಬಾಳದ ಮಗುವಿಗೆ, ಪಟ್ಟಣದಲ್ಲಿ ಹುಟ್ಟಿದ ಕಾರಣಕ್ಕೆ, ಅಂಥ ಸಭೆಯಿಲ್ಲ. ಪೊಲೀಸ್ ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಮಕ್ಕಳು ಠಾಣೆ ನೋಡಿ ಬರುತ್ತಾರೆ. ಒಳ್ಳೆಯದೇ, ಆದರೆ ಅಲ್ಲಿ ಹೇಳುವವರು ಪೊಲೀಸರು, ಕೇಳುವವರು ಮಕ್ಕಳು.

ಫೋನನ್ನೇ ಕಿತ್ತುಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟಿನ ಪೀಠ, ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸುವುದು ಒಳ್ಳೆಯದೆಂದು ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾ 16 ತುಂಬದವರಿಗೆ ಖಾತೆ ಕೊಡಬಾರದೆಂಬ ಕಾನೂನನ್ನು 2025ರ ಡಿಸೆಂಬರ್ 10ರಿಂದ ಜಾರಿ ಮಾಡಿದೆ. ನಮ್ಮ 2023ರ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ನಮ್ಮ ಬೀದಿಯ ಮನೆಗಳಲ್ಲಿ ಮಗುವಿನ ಕೈಯಲ್ಲಿರುವುದು ಅಮ್ಮನ ಫೋನು, ಅಮ್ಮನ ನಂಬರು, ಅಮ್ಮನ ಹೆಸರಿನ ಖಾತೆ. ಯಾವ ವಯಸ್ಸನ್ನು ಯಾರು ಪರೀಕ್ಷಿಸುತ್ತಾರೆ? ಸ್ಟಿಕ್ಕರ್ ಹರಿದಾಡಿದ್ದಂತೂ ಶಾಲೆಯೇ ಮಾಡಿಸಿದ ಗ್ರೂಪಿನಲ್ಲಿ.

ಆ ಅಮ್ಮ ನಮ್ಮ ಮನೆಗೆ ಬಂದ ರಾತ್ರಿ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಸಿಟ್ಟಿನಲ್ಲಿ ಏನನ್ನೂ ಅಳಿಸಬೇಡಿ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ಬೆತ್ತಲೆ ಚಿತ್ರವೇನಾದರೂ ಬಂದರೆ ಅದನ್ನು ಯಾರಿಗೂ ಕಳಿಸದೆ ನೇರವಾಗಿ ಠಾಣೆಗೆ ಹೋಗಿ. ಮಕ್ಕಳ ಸಹಾಯವಾಣಿ 1098, ಸೈಬರ್ ದೂರಿಗೆ 1930. ಹೆಂಗಸರು ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ ದೂರನ್ನು ಕೇಂದ್ರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಅವರು ಎಲ್ಲವನ್ನೂ ಗ್ಯಾಸ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು.

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಪೊಲೀಸರು ಬೇಡ ಅಂದಳು. ಹುಡುಗರಿಗೆ ಟಿಸಿ ಕೊಡಿಸುವುದೂ ಬೇಡ, ಅವರಲ್ಲಿ ಇಬ್ಬರು ಒಂದನೇ ಕ್ಲಾಸಿನಿಂದ ಅವಳ ಜೊತೆಗೇ ಓದಿದವರು. ಹಾಗಾದರೆ ಆ ಗ್ರೂಪಿನಿಂದ ಹೊರಗೆ ಬಂದುಬಿಡಮ್ಮ ಎಂದೆ.

'ಬಂದ್ಬಿಡ್ತೀನಿ ಅಂಕಲ್,' ಅಂದಳು. 'ಆದ್ರೆ ಹೋಂವರ್ಕ್ ಏನು ಅಂತ ಅದ್ರಲ್ಲೇ ಹಾಕೋದು.'